ಗಾಜಿನ ತೊಟ್ಟಿಯ ಮೀನಿಗೆ ಉಸಿರು ಸಾಲುತ್ತಿದೆಯೇ?



ಮೇ ತಿಂಗಳ ಒಂದು ಸಂಜೆ. ಕಾಸರಗೋಡು ಪೇಟೆಯಿಂದ ಸ್ವಲ್ಪ ಒಳಗಿರುವ ಒಂದು ಮನೆಗೆ ಹೋಗಿದ್ದೆ. ಚಾವಡಿಗೆ ಕಾಲಿಟ್ಟರೆ ಎದುರಿಗೇ ಒಂದು ಅಕ್ವೇರಿಯಂ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ. ತಳದಲ್ಲಿ ಬಿಳಿ ಕಲ್ಲು, ಹಿಂಬದಿಯಲ್ಲಿ ಪೊದೆಯಂತೆ ಬೆಳೆದ ನೀರಿನ ಗಿಡಗಳು, ನಡುವೆ ಕಪ್ಪು ಪಟ್ಟೆಯ ಟೈಗರ್ ಬಾರ್ಬ್ ಮೀನುಗಳು, ಜೊತೆಗೆ ಎರಡು ಗುರಾಮಿ. ನೀರು ಕನ್ನಡಿಯಂತೆ ತಿಳಿಯಾಗಿತ್ತು. "ಎಷ್ಟು ಚೆಂದ ಇಟ್ಟಿದ್ದೀರಿ!" ಎಂದೆ. ಆದರೆ ಮನೆಯವರ ಮುಖದಲ್ಲಿ ನಗು ಕಾಣಲಿಲ್ಲ.

ಆರನೆಯ ತರಗತಿಯಲ್ಲಿ ಕಲಿಯುವ ಮಗಳು ಒಳಬಾಗಿಲಿಗೆ ಒರಗಿ ನಿಂತಿದ್ದಳು. ಹುಟ್ಟುಹಬ್ಬಕ್ಕೆ ಬಂದ ಹಣವನ್ನು ಕೂಡಿಟ್ಟು ಹನ್ನೆರಡು ಬಾರ್ಬ್ ಮೀನುಗಳನ್ನು ತಂದವಳು ಅವಳೇ. ಒಂದೇ ವಾರದಲ್ಲಿ ಐದು ಸತ್ತಿದ್ದವು.

"ಎಷ್ಟು ಹೇಳಿದರೂ ಇವಳು ಕೇಳುವುದಿಲ್ಲ ಫಾದರ್. ಹೊತ್ತುಗೊತ್ತಿಲ್ಲದೆ ತಿಂಡಿ ಹಾಕುತ್ತಾಳೆ. ತಿಂದು ತಿಂದೇ ಸಾಯುತ್ತಿವೆ" ಎಂದರು ತಂದೆ.

"ನಾನು ಹಾಕುವುದು ಒಂದು ಚಿಟಿಕೆ ಮಾತ್ರ" ಎನ್ನುವಷ್ಟರಲ್ಲಿ ಮಗಳ ಕಣ್ಣು ತುಂಬಿತು.

ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಮೆಲ್ಲನೆ ಹೇಳಿದರು: "ಬೆಳಿಗ್ಗೆ ಎದ್ದು ನೋಡಿದರೆ ಎಲ್ಲಾ ಮೇಲೆ ಬಂದು ಬಾಯಿ ಬಿಡುತ್ತಾ ಇರುತ್ತವೆ. ಪಾಪ, ಹಸಿದಿರಬೇಕೆಂದು ನಾನೂ ಸ್ವಲ್ಪ ಹಾಕುತ್ತೇನೆ."

ಆ ದಿನ ಹುಡುಗಿಯ ಸೋದರಮಾವನೂ ಅಲ್ಲಿದ್ದರು. ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಒಂದು ಚಿಕ್ಕ ಕಿಟ್ ತಂದಿದ್ದರು. ನಮ್ಮ ಎದುರಿಗೇ ಅಳೆದರು. ಒಂದು ಲೀಟರ್ ನೀರಿಗೆ 8 ಮಿಲಿಗ್ರಾಂ ಬಂತು. ಒಳ್ಳೆಯ ಅಂಕಿಯೇ.

"ನೋಡಿದಿರಾ? ಗಾಳಿ ಬೇಕಾದಷ್ಟಿದೆ. ನಾನು ಹೇಳಿದ್ದೇ ಸರಿ" ಎಂದರು ತಂದೆ. ಮಗಳು ತಲೆ ತಗ್ಗಿಸಿದಳು. ಮಾವ ಮಾತ್ರ ತೊಟ್ಟಿಯನ್ನೇ ನೋಡುತ್ತಿದ್ದರು. "ಬಾವ, ಒಂದು ವಿಷಯ. ಸತ್ತದ್ದೆಲ್ಲಾ ಬಾರ್ಬ್. ಗುರಾಮಿಗೆ ಏನೂ ಆಗಿಲ್ಲ. ನಾಳೆ ಬೆಳಿಗ್ಗೆ ಐದು ಗಂಟೆಗೆ, ಲೈಟು ಹಾಕುವ ಮೊದಲು ಇನ್ನೊಂದು ಸಲ ಅಳೆದು ನೋಡುವಾ" ಎಂದು ಕಿಟ್ಟನ್ನು ಅಲ್ಲೇ ಬಿಟ್ಟು, ಸೊಸೆಗೆ ಅಳೆಯುವ ಕ್ರಮವನ್ನು ಹೇಳಿಕೊಟ್ಟು ಹೋದರು.

ಮರುದಿನ ಏನಾಯಿತು ಎಂದು ಹೇಳುವ ಮೊದಲು, ನೀರಿನೊಳಗೆ ಗಾಳಿ ಎಂಬ ಈ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ.

ನೀರಿನಲ್ಲಿ ಗಾಳಿ ಎಷ್ಟು?

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ನೂರಕ್ಕೆ 21. ತೂಕದಲ್ಲಿ ಹೇಳುವುದಾದರೆ ನಮ್ಮ ಸೆಕೆಗಾಲದ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದೆ. ನೀರಿನ ಕಥೆ ಬೇರೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 9.1 ಮಿಲಿಗ್ರಾಂ. 25 ಡಿಗ್ರಿಯಲ್ಲಿ ಅದು 8.3ಕ್ಕೂ, 30 ಡಿಗ್ರಿಯಲ್ಲಿ 7.6ಕ್ಕೂ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ನಿಲ್ಲುವ ಗಾಳಿ ಕಡಿಮೆ. ಆದರೆ ಬಿಸಿಯಾದ ನೀರಿನಲ್ಲಿ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚು. ಬೇಸಿಗೆಯಲ್ಲಿ ಬೇಡಿಕೆ ಏರುತ್ತದೆ, ದಾಸ್ತಾನು ಇಳಿಯುತ್ತದೆ.

ಸ್ಥಳದ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೇಲಿನ ಅಂಕಿಗಳು ಸಮುದ್ರಮಟ್ಟದ ಹತ್ತಿರ ಇರುವ ನಮ್ಮಂಥ ಊರುಗಳಿಗೆ ಸಲ್ಲುತ್ತವೆ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿಯ ಒತ್ತಡ ಕಡಿಮೆ. ಅಲ್ಲಿ 20 ಡಿಗ್ರಿಯ ನೀರಿನಲ್ಲಿ ನಿಲ್ಲುವುದು ಸುಮಾರು 7 ಮಿಲಿಗ್ರಾಂ ಮಾತ್ರ.

ಈಗ ಆ ಮನೆಯ ತೊಟ್ಟಿಯ ಲೆಕ್ಕ ನೋಡಿ. ಕಲ್ಲು, ಗಿಡ ಎಲ್ಲಾ ಕಳೆದು ಸುಮಾರು 45 ಲೀಟರ್ ನೀರು. 30 ಡಿಗ್ರಿಯಲ್ಲಿ ಅದರೊಳಗಿನ ಒಟ್ಟು ಆಮ್ಲಜನಕ ಹೆಚ್ಚೆಂದರೆ 340 ಮಿಲಿಗ್ರಾಂ. ಎಂದರೆ ಒಂದೂಕಾಲು ಲೀಟರ್ ಗಾಳಿಯಲ್ಲಿ ಇರುವಷ್ಟು! ತೊಟ್ಟಿ ತುಂಬ ನೀರು ಇದೆಯೆಂದು ನಮಗೆ ಕಾಣುತ್ತದೆ. ಮೀನಿಗಾದರೋ ಆ ನೀರಿನಲ್ಲಿ ಇರುವುದು ಇಷ್ಟೇ ಉಸಿರು. ಅದು ಮೇಲ್ಮೈಯಿಂದ ಮತ್ತೆ ಮತ್ತೆ ತುಂಬಿಕೊಳ್ಳುತ್ತಿರಬೇಕು. ತುಂಬಿಕೊಳ್ಳುವುದು ನಿಂತರೆ ಖಾಲಿಯಾಗಲು ಹೆಚ್ಚು ಹೊತ್ತು ಬೇಡ.

ಒಂದು ಲೀಟರ್‌ಗೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮನೆಯಲ್ಲಿ ಸಾಕುವ ಹೆಚ್ಚಿನ ಮೀನುಗಳು ನೆಮ್ಮದಿಯಿಂದ ಇರುತ್ತವೆ. 3ಕ್ಕಿಂತ ಕೆಳಗೆ ಇಳಿದರೆ ಒದ್ದಾಟ ಆರಂಭ. 2ಕ್ಕಿಂತ ಕೆಳಗಾದರೆ ಅನೇಕ ಜಾತಿಯ ಮೀನುಗಳ ಜೀವಕ್ಕೇ ಅಪಾಯ.

ಹಾಗಾದರೆ ಗುರಾಮಿಗೆ ಏನೂ ಆಗಲಿಲ್ಲವೇಕೆ? ಗುರಾಮಿ ಮತ್ತು ಫೈಟರ್ ಮೀನುಗಳಿಗೆ ಕಿವಿರಿನ ಮೇಲ್ಭಾಗದಲ್ಲಿ ಮಡಿಕೆ ಮಡಿಕೆಯಾದ ಇನ್ನೊಂದು ಅಂಗವಿದೆ. ಅವು ನೀರಿನ ಮೇಲೆ ಬಂದು ಬಾಯಿಯಿಂದ ಗಾಳಿಯನ್ನೇ ನುಂಗಿ ಅದರ ಮೂಲಕ ಉಸಿರಾಡಬಲ್ಲವು. ನಮ್ಮ ಗದ್ದೆ, ಕೆರೆಗಳ ಮುಗುಡು ಮೀನು ಕೆಸರಿನಲ್ಲೂ ಬದುಕುವುದು ಇಂಥದೇ ಬಲದಿಂದ. ಬಾರ್ಬ್ ಮೀನಿಗೆ ಆ ಸೌಕರ್ಯವಿಲ್ಲ. ಅದು ಪೂರ್ತಿಯಾಗಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ನಂಬಿದೆ. ಮಾವನಿಗೆ ಸಂಶಯ ಬಂದದ್ದು ಅಲ್ಲಿಯೇ.

ಹಗಲಿನ ಲೆಕ್ಕ, ರಾತ್ರಿಯ ಲೆಕ್ಕ

ಮರುದಿನ ಬೆಳಿಗ್ಗೆ ಆರು ಗಂಟೆಗೆ ಫೋನು ಬಂತು. ಆ ಕಡೆಯಿಂದ ಹುಡುಗಿಯ ಸ್ವರ: "ಫಾದರ್, ಎರಡು! ಬರೀ ಎರಡು!"

ಸಂಜೆ 8 ಇದ್ದದ್ದು ಬೆಳಗಾಗುವಷ್ಟರಲ್ಲಿ 2ಕ್ಕೆ ಇಳಿದಿತ್ತು. ಅದೇ ತೊಟ್ಟಿ, ಅದೇ ನೀರು, ಅದೇ ಕಿಟ್. ಬದಲಾದದ್ದು ಹೊತ್ತು ಮಾತ್ರ.

ಇದರ ಕಾರಣವನ್ನು ಬಹಳ ಹಿಂದೆಯೇ ಕಂಡುಕೊಂಡವರು ಯಾನ್ ಇಂಗೆನ್‌ಹೌಸ್ ಎಂಬ ವೈದ್ಯ, ವಿಜ್ಞಾನಿ. ನೀರಿನಲ್ಲಿ ಮುಳುಗಿಸಿಟ್ಟ ಎಲೆಗಳ ಮೇಲೆ ಬಿಸಿಲಿನಲ್ಲಿ ಗುಳ್ಳೆಗಳು ಏಳುತ್ತವೆ, ಕತ್ತಲಲ್ಲಿ ಅವು ನಿಂತುಹೋಗುತ್ತವೆ ಎಂಬುದನ್ನು ಅವರು 1779ರಲ್ಲಿ ಪ್ರಕಟಿಸಿದರು. ಆ ಗುಳ್ಳೆಗಳೇ ಆಮ್ಲಜನಕ. ಬೆಳಕಿರುವಾಗ ಗಿಡ ಆಮ್ಲಜನಕವನ್ನು ಕೊಡುತ್ತದೆ. ಕತ್ತಲಾದ ಮೇಲೆ ಕೊಡುವುದು ನಿಲ್ಲುತ್ತದೆ, ಉಸಿರಾಟಕ್ಕಾಗಿ ತೆಗೆದುಕೊಳ್ಳುವುದು ಮಾತ್ರ ಮುಂದುವರಿಯುತ್ತದೆ. ಹಗಲಿನಲ್ಲಿ ಮೀನಿಗೆ ಉಸಿರು ಕೊಟ್ಟ ಗಿಡವೇ ರಾತ್ರಿಯಲ್ಲಿ ಆ ಉಸಿರಿಗೆ ಪಾಲುದಾರ. ಆದ್ದರಿಂದ ಸಂಜೆ ಅಳೆದರೆ ಅತಿ ಹೆಚ್ಚಿನ ಅಂಕಿ ಸಿಗುತ್ತದೆ, ಬೆಳಕು ಹರಿಯುವ ಮೊದಲು ಅಳೆದರೆ ಅತಿ ಕಡಿಮೆಯ ಅಂಕಿ. ಮೀನಿನ ಸಾವುಬದುಕು ತೀರ್ಮಾನವಾಗುವುದು ಈ ಕಡಿಮೆಯ ಅಂಕಿಯ ಮೇಲೆ.

ಗಿಡವಿದ್ದರೆ ಮೀನು ಬದುಕುತ್ತದೆ ಎಂಬ ನಂಬಿಕೆ ಸುಳ್ಳೆಂದು ಇದರ ಅರ್ಥವಲ್ಲ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ, ಕೊಳೆತ ಎಲೆಯನ್ನು ತಿನ್ನುವ ಬಸವನಹುಳು, ಈ ಮೂರನ್ನೂ ಒಂದೇ ಪಾತ್ರೆಯಲ್ಲಿಟ್ಟು ನೀರು ಕೆಡದಂತೆ ಸಾಕಿ ತೋರಿಸಿದರು. ಮನೆಯೊಳಗಿನ ಅಕ್ವೇರಿಯಂಗೆ ಅಡಿಪಾಯ ಬಿದ್ದದ್ದು ಇಂಥ ಪ್ರಯೋಗಗಳಿಂದ. ಆದರೆ ಅಲ್ಲಿ ಮೀನು ಕಡಿಮೆ, ಎಲ್ಲವೂ ಹಿತಮಿತ. ನಾವು ಎರಡಡಿ ತೊಟ್ಟಿಯಲ್ಲಿ ಹದಿನಾಲ್ಕು ಮೀನು, ಒಂದು ಪೊದೆ ಗಿಡ ತುಂಬಿಸಿ ಅದೇ ಫಲವನ್ನು ನಿರೀಕ್ಷಿಸುತ್ತೇವೆ.

ರಾತ್ರಿಯಲ್ಲಿ ಆಮ್ಲಜನಕಕ್ಕೆ ಪಾಲುದಾರರು ಇನ್ನೂ ಇದ್ದಾರೆ. ತಳದಲ್ಲಿ ಉಳಿದ ತಿಂಡಿ, ಮೀನಿನ ಹೊಲಸು, ಕೊಳೆತ ಎಲೆ, ಇವನ್ನೆಲ್ಲಾ ಕರಗಿಸುವ ಬ್ಯಾಕ್ಟೀರಿಯಾಗಳು ಕಣ್ಣಿಗೆ ಕಾಣುವುದಿಲ್ಲ. ಅವಕ್ಕೂ ಆಮ್ಲಜನಕ ಬೇಕು. ಮೀನಿನ ಮೈಯಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿರುತ್ತವೆ. ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ಸಾರಜನಕವನ್ನು ಹೀಗೆ ಪೂರ್ತಿ ಬದಲಿಸಲು ಸುಮಾರು 4.6 ಮಿಲಿಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಅಜ್ಜಿ ಕನಿಕರದಿಂದ ಹಾಕಿದ ಹೆಚ್ಚುವರಿ ತಿಂಡಿ ಎಲ್ಲಿಗೆ ಹೋಯಿತು ಎಂಬುದು ಈಗ ತಿಳಿಯಿತಲ್ಲವೇ? ಮೀನು ಬಾಯಿ ತೆರೆದು ಕೇಳಿದ್ದು ಗಾಳಿಯನ್ನು. ನಾವು ಕೊಟ್ಟದ್ದು ಊಟವನ್ನು. ಆ ಊಟ ಕೊಳೆತು ಇದ್ದ ಗಾಳಿಯನ್ನೂ ತಿಂದಿತು.

ಪರೀಕ್ಷೆ ಮಾಡುವುದು ಹೇಗೆ?

ಹುಡುಗಿ ಮಾಡಿದ ಪರೀಕ್ಷೆಯ ಮೂಲ ವಿಧಾನವನ್ನು 1888ರಲ್ಲಿ ಪ್ರಕಟಿಸಿದವರು ಹಂಗೇರಿಯ ಲಾಯೋಶ್ ವಿಂಕ್ಲರ್. ಇಂದಿಗೂ ಪ್ರಯೋಗಾಲಯಗಳಲ್ಲಿ ಅದೇ ವಿಧಾನ ನಂಬಿಕಸ್ತ. ಮನೆಯ ಕಿಟ್ಟುಗಳಲ್ಲಿ ಅದನ್ನೇ ಹನಿಗಳ ಲೆಕ್ಕಕ್ಕೆ ಇಳಿಸಿದ್ದಾರೆ. ಕ್ರಮ ಹೀಗಿದೆ:

1. ಮುಚ್ಚಳವಿರುವ ಚಿಕ್ಕ ಗಾಜಿನ ಬಾಟಲಿಯನ್ನು ಶುದ್ಧವಾಗಿ ತೊಳೆದು, ತೊಟ್ಟಿಯ ನೀರಿನಲ್ಲೇ ಎರಡು ಮೂರು ಸಲ ಗಲಬರಿಸಿ. ನೀರು ತೆಗೆಯುವ ಜಾಗ ಪಂಪಿನ ಗುಳ್ಳೆಗಳಿಂದ ದೂರದ ಮೂಲೆಯಾಗಿರಲಿ, ನಡುಮಟ್ಟಕ್ಕಿಂತ ಕೆಳಗಿರಲಿ. ಗುಳ್ಳೆಗಳ ಪಕ್ಕದಲ್ಲಿ ಅಳೆದರೆ ನಮ್ಮನ್ನು ನಾವೇ ಮೋಸಗೊಳಿಸಿಕೊಂಡಂತೆ.

2. ಬಾಟಲಿಯನ್ನು ನೀರಿನಲ್ಲಿ ಮುಳುಗಿಸಿ ನಿಧಾನವಾಗಿ ತುಂಬಿಸಿ, ಓರೆಯಾಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ನೀರೊಳಗೇ ಮುಚ್ಚಿ. ಒಂದು ಸಣ್ಣ ಗುಳ್ಳೆ ಉಳಿದರೂ ಅದರ ಆಮ್ಲಜನಕ ನೀರಿಗೆ ಸೇರಿ ಲೆಕ್ಕ ತಪ್ಪುತ್ತದೆ.

3. ಬಾಟಲಿಯನ್ನು ತೊಟ್ಟಿಯಿಂದ ಹೊರಗೆ ತಂದು ಮೊದಲನೆಯ ಮತ್ತು ಎರಡನೆಯ ದ್ರಾವಣಗಳನ್ನು ಕೂಡಲೇ ಹಾಕಿ. ಸಾಮಾನ್ಯವಾಗಿ ಒಂದು ಮ್ಯಾಂಗನೀಸ್ ಸಲ್ಫೇಟ್, ಇನ್ನೊಂದು ಕ್ಷಾರ ಬೆರೆಸಿದ ಅಯೋಡೈಡ್. ಗಾಳಿ ಸೇರದಂತೆ ಮುಚ್ಚಿ, ಮೇಲೆ ಕೆಳಗೆ ಹಲವು ಸಲ ತಿರುಗಿಸಿ. ಆಮ್ಲಜನಕವಿದ್ದರೆ ಕಂದು ಬಣ್ಣದ ಗಷ್ಟು ಕಟ್ಟುತ್ತದೆ. ಗಷ್ಟು ಬೆಳ್ಳಗೇ ಉಳಿದರೆ ನೀರಿನಲ್ಲಿ ಆಮ್ಲಜನಕ ಇಲ್ಲವೆಂದೇ ಹೇಳಬೇಕು.

4. ಗಷ್ಟು ಕೆಳಗೆ ಕೂರಲಿ. ಇನ್ನೊಮ್ಮೆ ತಿರುಗಿಸಿ, ಮತ್ತೆ ಕೂರಲು ಬಿಡಿ. ಬಳಿಕ ಮೂರನೆಯದಾದ ಆಮ್ಲವನ್ನು ಹಾಕಿ. ಗಷ್ಟು ಕರಗಿ ನೀರು ಹಳದಿಯಾಗುತ್ತದೆ. ಬಣ್ಣ ಗಾಢವಾದಷ್ಟೂ ಆಮ್ಲಜನಕ ಹೆಚ್ಚು. ಕೆಲವು ಕಿಟ್ಟುಗಳಲ್ಲಿ ಈ ಬಣ್ಣವನ್ನೇ ಕಾರ್ಡಿನ ಬಣ್ಣದೊಂದಿಗೆ ಹೋಲಿಸಿ ಅಂಕಿ ಓದುತ್ತಾರೆ.

5. ಹನಿ ಎಣಿಸುವ ಕಿಟ್ ಆದರೆ, ಹೇಳಿದಷ್ಟು ಅಳತೆಯ ನೀರನ್ನು ಬೇರೆ ಪಾತ್ರೆಗೆ ತೆಗೆದುಕೊಂಡು ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಹಾಕುತ್ತಾ ಅಲುಗಿಸಿ. ಬಣ್ಣ ತಿಳಿ ಹಳದಿಗೆ ಬಂದಾಗ ಪಿಷ್ಟದ ದ್ರಾವಣ ಸೇರಿಸಿದರೆ ನೀರು ನೀಲಿಯಾಗುತ್ತದೆ. ಆ ನೀಲಿ ಮಾಯವಾಗುವವರೆಗೆ ಹನಿ ಹಾಕಿ. ಥಯೋಸಲ್ಫೇಟಿನ ಒಟ್ಟು ಹನಿಗಳೇ ನಿಮ್ಮ ಉತ್ತರ. ಆ ಮನೆಯ ಕಿಟ್ಟಿನಲ್ಲಿ ಒಂದು ಹನಿಗೆ ಒಂದು ಮಿಲಿಗ್ರಾಂ ಲೆಕ್ಕ. ನಿಮ್ಮದರಲ್ಲಿ ಬೇರೆ ಇರಬಹುದು, ಅದರೊಳಗಿನ ಚೀಟಿಯನ್ನು ಓದಿಕೊಳ್ಳಿ.

ತಾಯಂದಿರು ಗಮನಿಸಬೇಕಾದ ಮಾತೊಂದಿದೆ. ಈ ದ್ರಾವಣಗಳಲ್ಲಿ ಆಮ್ಲ, ಕ್ಷಾರ ಎರಡೂ ಇವೆ. ಕೆಲವು ಕಿಟ್ಟುಗಳಲ್ಲಿ ಅಝೈಡ್ ಎಂಬ ವಿಷವಸ್ತುವೂ ಇದೆ. ನೈಟ್ರೈಟ್ ಇರುವ ನೀರಿನಲ್ಲಿ ತಪ್ಪು ಅಂಕಿ ಬರದಂತೆ ಅದನ್ನು ಸೇರಿಸುತ್ತಾರೆ. ಆದ್ದರಿಂದ ಮಕ್ಕಳು ಒಬ್ಬರೇ ಈ ಪರೀಕ್ಷೆ ಮಾಡಬಾರದು. ಕೈಗವಸು ಇರಲಿ. ಅಡುಗೆಯ ಪಾತ್ರೆಗಳನ್ನು ಬಳಸಬೇಡಿ. ಪರೀಕ್ಷೆಯ ನೀರನ್ನು ತೊಟ್ಟಿಗೆ ಹಿಂದೆ ಸುರಿಯಲೇಬೇಡಿ. ಅವಧಿ ಮುಗಿದ ದ್ರಾವಣವನ್ನು ನಂಬಬೇಡಿ.

ವಿದ್ಯುತ್ ಮೀಟರುಗಳೂ ಇವೆ. ತೆಳುವಾದ ಪೊರೆಯ ಮೂಲಕ ಆಮ್ಲಜನಕವನ್ನು ಒಳಗೆ ಬಿಟ್ಟು ಅಳೆಯುವ ಕಡ್ಡಿಯನ್ನು 1950ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್. ಇಂಥ ಮೀಟರನ್ನು ಬಳಸುವ ಮೊದಲು ತೇವವಾದ ಗಾಳಿಯಲ್ಲಿ ಹಿಡಿದು ಸರಿಹೊಂದಿಸಿಕೊಳ್ಳಬೇಕು. ಅಳೆಯುವಾಗ ಕಡ್ಡಿಯನ್ನು ನೀರಿನಲ್ಲಿ ಮೆಲ್ಲಗೆ ಆಡಿಸುತ್ತಿರಬೇಕು. ಬೆಲೆ ಹೆಚ್ಚು, ಆರೈಕೆಯೂ ಬೇಕು. ಒಂದು ತೊಟ್ಟಿಯ ಮನೆಗೆ ಹನಿಯ ಕಿಟ್ ಸಾಕು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಟಿಡಿಎಸ್ ಪೆನ್ನನ್ನು ಆಮ್ಲಜನಕದ ಮೀಟರೆಂದು ಭಾವಿಸಿ ಕೊಳ್ಳಬೇಡಿ. ಅದು ನೀರಿನಲ್ಲಿ ಕರಗಿದ ಲವಣಗಳನ್ನು ಅಂದಾಜಿಸುತ್ತದೆಯೇ ಹೊರತು ಗಾಳಿಯನ್ನಲ್ಲ.

ಕಿಟ್ ಇಲ್ಲದವರು ಏನು ಮಾಡಬೇಕು? ಗಡಿಯಾರ ಹಿಡಿದು ಕುಳಿತುಕೊಳ್ಳಿ. ಒಂದು ಮೀನನ್ನು ಆರಿಸಿ ಅದರ ಕಿವಿರಿನ ಮುಚ್ಚಳ ಒಂದು ನಿಮಿಷದಲ್ಲಿ ಎಷ್ಟು ಸಲ ಬಡಿಯುತ್ತದೆ ಎಂದು ಸಂಜೆ ಎಣಿಸಿ. ಅದೇ ಮೀನನ್ನು ಬೆಳಕು ಹರಿಯುವ ಮೊದಲು, ಕಡಿಮೆ ಬೆಳಕಿನ ಟಾರ್ಚು ಹಿಡಿದು ಮತ್ತೆ ಎಣಿಸಿ. ಬೆಳಗಿನ ಎಣಿಕೆ ತುಂಬಾ ಹೆಚ್ಚಾಗಿದ್ದು, ಮೀನುಗಳು ಮೇಲ್ಮೈಯಲ್ಲಿ ಗುಂಪುಗೂಡಿದ್ದರೆ ಏನೋ ಸರಿಯಿಲ್ಲ ಎಂದು ತಿಳಿಯಿರಿ. ಇದು ಸೂಚನೆ ಮಾತ್ರ, ಅಳತೆಯಲ್ಲ.

ಏಕೆಂದರೆ ಮೀನು ಬಾಯಿ ಬಿಡುವುದಕ್ಕೆ ಆಮ್ಲಜನಕದ ಕೊರತೆಯೊಂದೇ ಕಾರಣವಲ್ಲ. ನೈಟ್ರೈಟ್ ಹೆಚ್ಚಾದರೆ ಮೀನಿನ ರಕ್ತ ಕಂದಾಗಿ ಆಮ್ಲಜನಕವನ್ನು ಹೊರಲಾರದು. ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಅಮೋನಿಯಾವೂ ಹಾಗೆಯೇ ಕಾಡುತ್ತದೆ. ಬೆಳಗಿನ ಅಂಕಿ 6 ಇದ್ದೂ ಮೀನು ಏದುಸಿರು ಬಿಡುತ್ತಿದ್ದರೆ ತಪ್ಪು ಬೇರೆ ಕಡೆ ಇದೆ. ಅಳೆಯದೆ ಔಷಧಿ ಸುರಿಯುವವರು ಇನ್ನೊಂದು ವಿಷಯ ತಿಳಿದಿರಬೇಕು. ಫಾರ್ಮಲಿನ್‌ನಂಥ ಮದ್ದು ನೀರಿನ ಆಮ್ಲಜನಕವನ್ನು ಮತ್ತಷ್ಟು ತಗ್ಗಿಸುತ್ತದೆ.

ಅಂಕಿ ಕಡಿಮೆ ಬಂದರೆ

ಮೀನು ಒದ್ದಾಡುತ್ತಿದ್ದರೆ ಮೊದಲು ತಿಂಡಿ ನಿಲ್ಲಿಸಿ. ತೊಟ್ಟಿಯ ಮುಚ್ಚಳ ತೆರೆಯಿರಿ. ಪಂಪ್ ಇದ್ದರೆ ಹಾಕಿ. ಕರೆಂಟ್ ಇಲ್ಲವೇ? ಒಂದು ಮಗ್ ತೆಗೆದುಕೊಂಡು ತೊಟ್ಟಿಯ ನೀರನ್ನೇ ಎತ್ತಿ ಒಂದಡಿ ಮೇಲಿನಿಂದ ಮತ್ತೆ ಸುರಿಯಿರಿ. ಹತ್ತು ಹದಿನೈದು ನಿಮಿಷ ಬಿಡದೆ ಮಾಡಿ. ಕ್ಲೋರಿನ್ ಇಲ್ಲದ, ಅದೇ ಉಷ್ಣತೆಯ ನೀರು ಸಿದ್ಧವಿದ್ದರೆ ಕಾಲುಭಾಗ ನೀರು ಬದಲಿಸಿ. ತಂಪು ಮಾಡಲೆಂದು ಮಂಜುಗಡ್ಡೆ ಹಾಕಬೇಡಿ. ಉಷ್ಣತೆ ಒಮ್ಮೆಲೇ ಇಳಿದರೆ ಮೀನಿಗೆ ಅದೇ ಇನ್ನೊಂದು ಪೆಟ್ಟು.

ನೀರು ಬದಲಿಸುವಾಗ ನಮ್ಮ ಕಡೆಯವರು ಒಂದು ಎಚ್ಚರ ವಹಿಸಬೇಕು. ಬೋರ್‌ವೆಲ್ಲಿನಿಂದ ಆಗತಾನೇ ಬಂದ ನೀರು ಎಷ್ಟು ತಿಳಿಯಾಗಿದ್ದರೂ ಅದರಲ್ಲಿ ಆಮ್ಲಜನಕ ಬಹಳ ಕಡಿಮೆ ಇರಬಹುದು. ಮುರಕಲ್ಲಿನ ನೆಲದಲ್ಲಿ ಕೆಲವು ಬೋರ್‌ವೆಲ್ಲುಗಳ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ಸ್ವಲ್ಪ ಹೊತ್ತು ಇಟ್ಟರೆ ಬಕೆಟ್ಟಿನ ತಳದಲ್ಲಿ ಕೆಂಪು ಕೂರುವುದನ್ನು ನೀವು ನೋಡಿರಬಹುದು. ಆ ಕೆಂಪು ಕಟ್ಟುವಾಗ ನೀರಿನ ಆಮ್ಲಜನಕವೇ ಖರ್ಚಾಗುತ್ತದೆ. ಇಂಥ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ಇಟ್ಟು, ಆಗಾಗ ಎತ್ತಿ ಸುರಿದು, ಕೆಂಪು ಕೆಳಗೆ ಕೂತ ಮೇಲೆ ಮೇಲಿನ ನೀರನ್ನು ಮಾತ್ರ ಬಳಸಿ.

ಇನ್ನು ಶಾಶ್ವತ ಪರಿಹಾರ. ಏರ್ ಪಂಪಿನ ಗುಳ್ಳೆಗಳೇ ನೀರಿಗೆ ಆಮ್ಲಜನಕ ತುಂಬುತ್ತವೆ ಎಂದು ಹಲವರು ತಿಳಿದಿದ್ದಾರೆ. ಗುಳ್ಳೆಯಿಂದ ಸ್ವಲ್ಪ ಸೇರುತ್ತದೆ, ನಿಜ. ಆದರೆ ಅದರ ದೊಡ್ಡ ಉಪಕಾರ ಬೇರೆ: ಅದು ತಳದ ನೀರನ್ನು ಮೇಲಕ್ಕೆ ತಂದು ಮೇಲ್ಮೈಯನ್ನು ಕಲಕುತ್ತದೆ. ಆಮ್ಲಜನಕ ಹೆಚ್ಚಾಗಿ ಒಳಬರುವುದು ಆ ಮೇಲ್ಮೈಯ ಮೂಲಕವೇ. ನಿಂತ ನೀರಿನಲ್ಲಿ ಅದು ಮೇಲಿನಿಂದ ಕೆಳಕ್ಕೆ ತಾನಾಗಿ ಹರಡುವುದು ಬಲು ನಿಧಾನ. ಆದ್ದರಿಂದ ಫಿಲ್ಟರಿನ ನೀರು ಮೇಲ್ಮೈಯನ್ನು ಅಲುಗಿಸುವಂತೆ ಬೀಳಲಿ. ಮೇಲೆ ಎಣ್ಣೆಯಂಥ ಪೊರೆ ಕಟ್ಟಿದ್ದರೆ ಕಾಗದ ಹಾಸಿ ಎತ್ತಿ ತೆಗೆಯಿರಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿಂಡಿ ಹಾಕಿ. ಹಾಕುವ ಹೊಣೆ ಮನೆಯಲ್ಲಿ ಒಬ್ಬರಿಗೇ ಇರಲಿ. ಕೊಳೆತ ಎಲೆಗಳನ್ನು ಚಿವುಟಿ ತೆಗೆಯಿರಿ, ಗಿಡ ಅತಿಯಾಗಿದ್ದರೆ ಕಡಿಮೆ ಮಾಡಿ. ಮೀನಿನ ಸಂಖ್ಯೆ ತೊಟ್ಟಿಗೆ ತಕ್ಕಂತಿರಲಿ.

ಮಳೆಗಾಲದ ಗಾಳಿಗೆ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸತಲ್ಲ. ಬ್ಯಾಟರಿಯಿಂದ ನಡೆಯುವ ಚಿಕ್ಕ ಪಂಪ್ ಒಂದಿದ್ದರೆ ಒಳ್ಳೆಯದು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯಬಹುದು. ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಅದರೊಳಗಿನ ಬ್ಯಾಕ್ಟೀರಿಯಾಗಳೂ ಉಸಿರುಗಟ್ಟಿ ಸಾಯಬಹುದು. ಕರೆಂಟ್ ಬಂದ ಕೂಡಲೇ ಆ ಕೊಳೆನೀರನ್ನು ತೊಟ್ಟಿಗೆ ಬಿಡದೆ, ಫಿಲ್ಟರನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಜಾಲಿಸಿ ಮತ್ತೆ ಹಾಕಿ.

ಆ ಮನೆಯ ಮುಂಜಾವು

ಕೆಲವು ದಿನಗಳ ಬಳಿಕ ಆ ಮನೆಗೆ ಮತ್ತೆ ಹೋದೆ. 8 ಇದ್ದದ್ದು 2 ಆಗಲು ಇನ್ನೊಂದು ಕಾರಣವನ್ನು ಮಾವ ಕಂಡುಹಿಡಿದಿದ್ದರು. ಆ ತೊಟ್ಟಿಗೆ ಒಳ್ಳೆಯ ಏರ್ ಪಂಪ್ ಇತ್ತು. ಆದರೆ ಅದರ ಗುರ್‌ಗುಟ್ಟುವ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು, ಕರೆಂಟೂ ಉಳಿಯಲಿ ಎಂದು, ದಿನಾ ರಾತ್ರಿ ಹತ್ತು ಗಂಟೆಗೆ ಅದನ್ನು ಬಂದ್ ಮಾಡುತ್ತಿದ್ದರು. ಗಿಡಗಳು ಆಮ್ಲಜನಕ ಕೊಡುವುದನ್ನು ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಪಂಪೂ ನಿಲ್ಲುತ್ತಿತ್ತು. ಬಂದ್ ಮಾಡುತ್ತಿದ್ದವರು ಬೇರೆ ಯಾರೂ ಅಲ್ಲ, ತಂದೆಯೇ.

ನಾನು ಏನೂ ಕೇಳಲಿಲ್ಲ, ಅವರೇ ಹೇಳಿದರು. "ಫಾದರ್, ಸುಮ್ಮನೆ ಮಗಳನ್ನು ಬೈದೆ. ಒಂದು ವಾರ ಅವಳು ನನ್ನ ಹತ್ತಿರ ಸರಿಯಾಗಿ ಮಾತನಾಡಿರಲಿಲ್ಲ." ಪಂಪು ಈಗ ಗೋಡೆಯ ಹಲಗೆಯ ಮೇಲೆ, ನಾಲ್ಕಾಗಿ ಮಡಿಸಿದ ಹಳೆಯ ಟವೆಲ್ಲಿನ ಮೇಲೆ ಕುಳಿತಿತ್ತು. ಸದ್ದು ಅರ್ಧಕ್ಕೆ ಇಳಿದಿತ್ತು. ಅಜ್ಜಿ ತಿಂಡಿಯ ಡಬ್ಬಿಯನ್ನು ಮೊಮ್ಮಗಳ ಕೈಗೆ ಒಪ್ಪಿಸಿಬಿಟ್ಟಿದ್ದರು.

ತೊಟ್ಟಿಯ ಪಕ್ಕದಲ್ಲಿ ಒಂದು ನೋಟ್‌ಪುಸ್ತಕ ತೂಗುಹಾಕಿತ್ತು. ಅದರಲ್ಲಿ ದಿನಾಂಕ, ಹೊತ್ತು, ನೀರಿನ ಉಷ್ಣತೆ, ಆಮ್ಲಜನಕ ಎಂಬ ನಾಲ್ಕು ಸಾಲುಗಳು. ಮೊದಲ ದಿನದ ಮುಂಜಾವು 2. ಪಂಪ್ ರಾತ್ರಿಯಿಡೀ ನಡೆದ ಮೊದಲ ದಿನ 4. ಗಿಡ ಕತ್ತರಿಸಿ, ತಳದ ಕೊಳೆ ತೆಗೆದ ಮೇಲೆ 5, ಮತ್ತೆ 6. ಉಳಿದ ಏಳು ಬಾರ್ಬ್‌ಗಳೂ ಬದುಕಿದ್ದವು.

ಹಿಂದಿರುಗುವಾಗ ಆ ನೋಟ್‌ಪುಸ್ತಕವನ್ನೇ ಯೋಚಿಸುತ್ತಿದ್ದೆ. ಮೊದಲ ಸಂಜೆ ತಂದೆಯ ಕೈಯಲ್ಲಿದ್ದ ಅಂಕಿ ಸುಳ್ಳಲ್ಲ. 8 ಎಂಬುದು ನಿಜವಾದ ಅಳತೆಯೇ. ಆದರೆ ಎಲ್ಲವೂ ಚೆನ್ನಾಗಿರುವ ಹೊತ್ತಿನಲ್ಲಿ ತೆಗೆದ ಅಳತೆ. ಅದೇ ಬಲದ ಮೇಲೆ ಒಂದು ಮಗುವಿನ ಮೇಲೆ ತಪ್ಪು ಹೊರಿಸಲಾಯಿತು. ಬೇರೆಯವರ ಕಷ್ಟವನ್ನು ಅಳೆಯುವಾಗ ನಾವೂ ನಮಗೆ ಅನುಕೂಲವಾದ ಹೊತ್ತನ್ನು ಆರಿಸಿಕೊಳ್ಳುವುದಿಲ್ಲವೇ? ಸಂಜೆ ಬಂದು ನಗುಮುಖ ನೋಡಿ, 'ಇವರಿಗೆ ಏನು ಕೊರತೆ?' ಎಂದು ಹೊರಟುಬಿಡುತ್ತೇವೆ. ಅವರ ಮುಂಜಾವು ಹೇಗಿರುತ್ತದೆ ಎಂದು ನೋಡಿದವರು ಎಷ್ಟು ಮಂದಿ?

ನಿಮ್ಮ ಮನೆಯಲ್ಲೂ ಗಾಜಿನ ತೊಟ್ಟಿ ಇದ್ದರೆ ನಾಳೆ ಒಂದು ದಿನ ಬೇಗ ಏಳಿ. ಲೈಟು ಹಾಕುವ ಮೊದಲು ಮೀನುಗಳು ಎಲ್ಲಿವೆ, ಹೇಗಿವೆ ನೋಡಿ. ಸಾಧ್ಯವಾದರೆ ಅಳೆಯಿರಿ, ಮಕ್ಕಳ ಕೈಯಿಂದ ಬರೆಸಿಡಿ. ಯಾರ ತಪ್ಪು ಎಂಬ ಮಾತು ಆಮೇಲೆ.